ರೆಸಿನ್ ಬದಲಾಯಿಸಬೇಡಿ, ಕಾಗದದ ಅಂಚು ನೋಡಿ

ಹಳೇ ಪತ್ರಿಕೆಯ ಚಿತ್ರ ಕತ್ತರಿಸಿ, ಮೇಲೆ ರೆಸಿನ್ (ಗಾಜಿನಂತೆ ಗಟ್ಟಿಯಾಗುವ ಪಾರದರ್ಶಕ ದ್ರವ) ಸುರಿದು ನೀವು ಮಾಡಿದ ಬೇತಾಳದ ಪೆಂಡೆಂಟ್ ಫೋಟೊ ಈಗಷ್ಟೇ ನೋಡಿದೆ. ಹಳೇ ಚಂದಮಾಮದಿಂದ ಆ ಚೌಕ ಆರಿಸಿದ್ದು ಭಾರಿ ಚೆನ್ನಾಗಿದೆ. ಆದರೆ ಬೇತಾಳದ ಮುಖದ ಮೇಲೆ ಹಿಂದಿನ ಪುಟದ ಅಕ್ಷರಗಳು ಕನ್ನಡಿಯಲ್ಲಿ ಕಂಡ ಹಾಗೆ ಮೂಡಿವೆ. ಸುತ್ತ ಒಂದು ಕಂದು ಉಂಗುರ ಬೇರೆ. ಈ ಗುಂಪಿನಲ್ಲಿ ಆಗಲೇ ಕೆಲವರು "ರೆಸಿನ್ ಕ್ವಾಲಿಟಿ ಸರಿಯಿಲ್ಲ, ದುಬಾರಿಯದು ತೊಗೊಳ್ಳಿ" ಅಂದಿದ್ದಾರೆ. ದಯವಿಟ್ಟು ದುಡ್ಡು ಹಾಳು ಮಾಡಬೇಡಿ. ನಾನೂ ಹಾಗೇ ಬ್ರ್ಯಾಂಡ್ ಬದಲಾಯಿಸುತ್ತಾ ಹೋಗಿ ಅದೇ ಉಂಗುರ ನೋಡಿದವಳು. ತಪ್ಪು ರೆಸಿನ್‌ದಲ್ಲ, ಕಾಗದದ್ದು.

ಬೋಂಡಾ ಕಟ್ಟಿಕೊಟ್ಟ ಪೇಪರ್ ನೋಡಿದ್ದೀರಲ್ವಾ? ಎಣ್ಣೆ ಇಳಿದ ಜಾಗದಲ್ಲಿ ಹಿಂದಿನ ಪುಟ ಓದಬಹುದು. ರೆಸಿನ್ ಮಾಡುವುದೂ ಅದನ್ನೇ. ಎಳೆಗಳ ನಡುವಿನ ಗಾಳಿಯ ಜಾಗಕ್ಕೆಲ್ಲ ರೆಸಿನ್ ತುಂಬಿದರೆ ಕಾಗದದ ಬಿಳುಪು ಹೋಗಿ ಅದು ಗಾಜಿನ ಥರ ಆಗುತ್ತದೆ. ಹಿಂಬದಿಗೆ ಬಿಳಿ ಅಕ್ರಿಲಿಕ್ ಬಳಿದರೆ ಸರಿಹೋಗುತ್ತದೆ ಅಂತ ಮೇಲೆ ಒಬ್ಬರು ಬರೆದಿದ್ದಾರೆ. ಹೋಗುವುದಿಲ್ಲ. ಹಿಂದಿನ ಅಕ್ಷರದ ಇಂಕ್ ಇರುವುದು ಬಣ್ಣಕ್ಕೂ ಚಿತ್ರಕ್ಕೂ ನಡುವೆ. ಬಿಳಿ ಬಳಿದರೆ ಅದು ಇನ್ನೂ ಎದ್ದು ಕಾಣುತ್ತದೆ.

ಹಾಗಾಗಿ ರೆಸಿನ್ ಒಳಗೇ ಹೋಗಬಾರದು. ಅಂಟು ಹಚ್ಚಿ ಸೀಲ್ ಮಾಡಿದ್ದೆ ಅಂತ ನೀವು ಹೇಳಿದ್ದೀರಿ. ನಂಬುತ್ತೇನೆ. ಆದರೆ ಸೀಲ್ ಮಾಡಿದ ಮೇಲೆ ದುಂಡಗೆ ಕತ್ತರಿಸಿದಿರಿ ಅಲ್ವಾ? ಎಲ್ಲ ಕೆಟ್ಟಿದ್ದು ಅಲ್ಲೇ. ಕತ್ತರಿಸಿದ ಅಂಚು ತೆರೆದ ಬಾಯಿ. ರೆಸಿನ್ ಅಲ್ಲಿಂದ ಒಳಗೆ ಹರಿಯುತ್ತದೆ. ಉಂಗುರ ಸರಿಯಾಗಿ ಅಂಚಿನಿಂದಲೇ ಶುರುವಾಗಿದೆ, ಫೋಟೊ ಇನ್ನೊಮ್ಮೆ ನೋಡಿ.

ನಾನು ಮಾಡುವುದು ಹೀಗೆ. ಮೊದಲೇ ಅಳತೆಗೆ ಕತ್ತರಿಸಿ, ಫ್ರೇಮಿಗಿಂತ ಕೂದಲೆಳೆಯಷ್ಟು ಚಿಕ್ಕದಾಗಿ. ಓಎಚ್‌ಪಿ ಶೀಟ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಮೇಲೆ ಇಟ್ಟು ಹಿಂಬದಿಗೆ ತೆಳುವಾಗಿ ಫೆವಿಕಾಲ್ ಎಂಆರ್ ಅನ್ನೋ ಬಿಳಿ ಅಂಟು ಹಚ್ಚಿ. ನೀರು ಬೆರೆಸಬೇಡಿ. ಹಳೇ ನ್ಯೂಸ್‌ಪ್ರಿಂಟ್ ನೀರು ಕುಡಿದ ಕೂಡಲೇ ಉಬ್ಬಿ ಸುಕ್ಕುಗಟ್ಟುತ್ತದೆ. ಪೂರ್ತಿ ಒಣಗಲಿ. ಆಮೇಲೆ ಮುಂಭಾಗ. ಅದೂ ಒಣಗಿದ ಮೇಲೆ ಎರಡೂ ಕಡೆ ಇನ್ನೊಂದು ಕೋಟ್. ಕೊನೆಗೆ ಚಿಮಟದಲ್ಲಿ ಹಿಡಿದು, ಬೆರಳಿಗೆ ಚೂರು ಅಂಟು ತೊಗೊಂಡು ಅಂಚಿಗೆ ಸುತ್ತಲೂ ಸವರಿ. ಒಂದು ಕಡೆಯೂ ಬಿಟ್ಟುಹೋಗಬಾರದು. ಈ ಅಂಚಿನ ಕೆಲಸಕ್ಕೆ ಎಲ್ಲರಿಗೂ ಸೋಮಾರಿತನ. ಬ್ರಷ್‌ನಲ್ಲಿ ಮಾಡಲು ಹೋಗಬೇಡಿ, ಅಂಟು ಮುಂಭಾಗಕ್ಕೆ ಬಂದು ಗಂಟಾಗುತ್ತದೆ.

ಸೀಲ್ ಆಯಿತೋ ಇಲ್ಲವೋ ಅಂತ ರೆಸಿನ್ ಸುರಿದು ನೋಡಬೇಕಿಲ್ಲ. ಅದೇ ಪುಟದ ಚೂರೊಂದಕ್ಕೆ ಇದೇ ಥರ ಅಂಟು ಹಚ್ಚಿ, ಒಣಗಿಸಿ, ಮೇಲೂ ಅಂಚಿಗೂ ಒಂದೊಂದು ತೊಟ್ಟು ಅಡುಗೆ ಎಣ್ಣೆ ಬಿಟ್ಟು ನೋಡಿ. ರಾತ್ರಿ ಬಿಟ್ಟು ಬೆಳಿಗ್ಗೆ ಒರೆಸಿದಾಗ ಕಲೆ ಇಲ್ಲದಿದ್ದರೆ ಸಾಕು.

ಒಣಗುವುದು ಅಂದರೆ ಮುಟ್ಟಿದರೆ ಅಂಟದಿರುವುದು ಅಷ್ಟೇ ಅಲ್ಲ. ಬಿಳಿ ಮಬ್ಬು ಪೂರ್ತಿ ಹೋಗಿ ಪಾರದರ್ಶಕ ಆಗಬೇಕು. ಹಸಿ ಇರುವಾಗ ರೆಸಿನ್ ಹಾಕಿದರೆ ಹಾಲಿನಂಥ ಮೋಡ ಒಳಗೇ ಉಳಿಯುತ್ತದೆ. ಬೆಂಗಳೂರಿನ ಬೇಸಿಗೆಯಲ್ಲಿ ಬೇಗ ಆಗುತ್ತದೆ. ಮಂಗಳೂರು, ಉಡುಪಿ ಕಡೆಯವರು ಮಳೆಗಾಲದಲ್ಲಿ ಆತುರಪಡಬೇಡಿ. ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಅದರೊಳಗೆ ಇಡಿ. ಆಮದಾದ ಡಿಕೂಪಾಜ್ ಅಂಟು (ಕಾಗದದ ಚಿತ್ರ ಅಂಟಿಸುವ ಕಲೆಗೆ ಬಳಸುವುದು) ಬೇಕೇ ಬೇಕು ಅಂತ ಯೂಟ್ಯೂಬ್ ನೋಡಿದವರು ಹೇಳುತ್ತಾರೆ. ಅಂಥ ಅಂಟಾದ ಮಾಡ್ ಪಾಡ್ಜ್ ಒಳ್ಳೆಯದೇ, ಆದರೆ ಈ ಕೆಲಸಕ್ಕೆ ಅಷ್ಟು ಬೆಲೆ ಯಾಕೆ? ಮಿಕ್ಕ ದುಡ್ಡಲ್ಲಿ ಒಳ್ಳೇ ಕತ್ತರಿ ಕೊಳ್ಳಿ. ರೆಸಿನ್ ಬದಲು ಚಿತ್ರದ ಮೇಲೆ ಗಾಜಿನ ಬಿಲ್ಲೆ ಅಂಟಿಸುವವರು ಫೆವಿಕ್ವಿಕ್ ಮಾತ್ರ ಅದರ ಹತ್ತಿರ ತರಬೇಡಿ. ಸೂಪರ್ ಗ್ಲೂ ಯಾವುದಾದರೂ ಸರಿ, ಅದರ ಆವಿ ಕೂತು ಬಿಳಿ ಪುಡಿಯಂಥ ಮಸುಕು ಬರುತ್ತದೆ.

ಈಗ ಸ್ವಲ್ಪ ಬೈಯುತ್ತೇನೆ. ಮೂಲ ಪುಟ ಯಾಕೆ ಕತ್ತರಿಸಿದಿರಿ? ಕನ್ನಡ ಚಂದಮಾಮ ಶುರುವಾಗಿದ್ದು 1949ರಲ್ಲಿ. ಈಗ ಪತ್ರಿಕೆಯೂ ಇಲ್ಲ. ಇಂದ್ರಜಾಲ ಕಾಮಿಕ್ಸ್ 1990ರಲ್ಲೇ ನಿಂತಿತು. ಇರುವ ಪ್ರತಿಗಳೇ ಇರುವುದು. ರಕ್ಷಾಪುಟ ಇಲ್ಲದ, ಗೆದ್ದಲು ತಿಂದ, ಅರ್ಧ ಪುಟ ಹೋದ ಪ್ರತಿ ಸಿಕ್ಕರೆ ಕತ್ತರಿಸಿ, ತೊಂದರೆ ಇಲ್ಲ. ಬೆಂಗಳೂರಿನ ಅವೆನ್ಯೂ ರೋಡಿನ ಹಳೇ ಪುಸ್ತಕದವರ ಹತ್ತಿರ ಇಂಥದ್ದು ಕೇಳಿ ನೋಡಿ. ಪೂರ್ತಿ ಇರುವ ಸಂಚಿಕೆಗೆ ಕತ್ತರಿ ಹಾಕಬೇಡಿ. ಹಳೇ ನ್ಯೂಸ್‌ಪ್ರಿಂಟ್ ಆಭರಣಕ್ಕೂ ಒಳ್ಳೆಯದಲ್ಲ. ಅದರಲ್ಲಿ ಮರದ ಲಿಗ್ನಿನ್ ಅನ್ನೋ ಅಂಶ ಹಾಗೇ ಇರುತ್ತದೆ, ಬೆಳಕಿಗೆ ಹಳದಿಯಾಗುತ್ತಲೇ ಹೋಗುತ್ತದೆ. ರೆಸಿನ್ ಒಳಗಿದ್ದರೂ ಅಷ್ಟೇ.

ಕಲರ್ ಕಾಪಿ ತೆಗೆಸಿ. ಲೇಸರ್ ಅಂತ ಕೇಳಿ ತೆಗೆಸಿ. ಅದರ ಟೋನರ್ (ಪುಡಿ ಇಂಕ್) ಅಂಟಿನ ನೀರಿಗೆ ಕರಗುವುದಿಲ್ಲ. ಮನೆಯ ಇಂಕ್‌ಜೆಟ್ ಪ್ರಿಂಟ್ ಆದರೆ ಒದ್ದೆ ಬೆರಳಲ್ಲಿ ಒಂದು ಮೂಲೆ ಉಜ್ಜಿ ನೋಡಿ. ಬಣ್ಣ ಬಂದರೆ ಅಂಟು ಹಚ್ಚಿದಾಗ ಬೇತಾಳದ ಕೂದಲು ವಿಕ್ರಮನ ಕಿರೀಟದ ತನಕ ಹರಿಯುತ್ತದೆ. ಕಾಪಿ ಮಾಡುವಾಗ ಪುಟದ ಹಿಂದೆ ಒಂದು ಕಪ್ಪು ಹಾಳೆ ಇಡಿ. ಹಿಂಬದಿಯ ಅಕ್ಷರ ಅಲ್ಲೇ ಬಹುಪಾಲು ಮಾಯ. ಚಿತ್ರ ಸ್ವಲ್ಪ ಕಪ್ಪಾಗುತ್ತದೆ, ಬ್ರೈಟ್‌ನೆಸ್ ಏರಿಸಲು ಹೇಳಿ. ಅಂಗಡಿಯವರು ಗೊಣಗುತ್ತಾರೆ, ಗೊಣಗಲಿ. ಇನ್ನೊಂದು ಲಾಭ, ಬೇಕಾದ ಅಳತೆಗೆ ಕುಗ್ಗಿಸಬಹುದು. 20 ಮಿಲಿಮೀಟರ್ ಗಾಜಿನ ಬಿಲ್ಲೆಗೆ ಇಡೀ ಚೌಕ ತುರುಕಬೇಡಿ. ಒಂದು ಕಣ್ಣು, ಒಂದು ಮೀಸೆ, ಇಲ್ಲವೇ "ಢಮಾರ್" ಅನ್ನೋ ಅಕ್ಷರಗಳು ಸಾಕು. ಗುಮ್ಮಟದ ಗಾಜು ಚಿತ್ರವನ್ನು ದೊಡ್ಡದು ಮಾಡಿ ಅಚ್ಚಿನ ಬಣ್ಣದ ಚುಕ್ಕೆಗಳನ್ನು ತೋರಿಸುತ್ತದೆ. ಕಾಮಿಕ್ಸ್ ಆಭರಣದ ಮಜಾ ಅದೇ.

ಯುವಿ ರೆಸಿನ್ (ನೇರಳಾತೀತ ಬೆಳಕಿಗೆ ಗಟ್ಟಿಯಾಗುವಂಥದ್ದು) ಬಳಸುವವರಿಗೆ: ಕಾಗದದ ಕೆಳಗೆ ಅದನ್ನು ಹಾಕಬೇಡಿ. ಬೆಳಕು ತಲುಪದ ಜಾಗದಲ್ಲಿ ಅದು ಗಟ್ಟಿಯಾಗುವುದೇ ಇಲ್ಲ. ಮೇಲೆ ತೆಳು ಪದರ, ಲ್ಯಾಂಪ್, ಮತ್ತೆ ತೆಳು ಪದರ. ಕೆಳಗೆ ಅಂಟಿಸಲು ಅದೇ ಎಂಆರ್ ಸಾಕು. ಯಾವ ರೆಸಿನ್ ಆದರೂ ಕೈಗೆ ನೈಟ್ರೈಲ್ ಗ್ಲೌಸ್ ಹಾಕಿ, ಕಿಟಕಿ ತೆಗೆದಿಡಿ. ಅಡುಗೆಮನೆ ಕಟ್ಟೆ ಮೇಲೆ ಮಾಡುವುದು ಬೇಡವೇ ಬೇಡ. ಇಷ್ಟು ದಿನ ಏನೂ ಆಗಿಲ್ಲ ಅನ್ನಬೇಡಿ, ಚರ್ಮದ ಅಲರ್ಜಿ ಬಳಸುತ್ತಾ ಬಳಸುತ್ತಾ ಬರುವಂಥದ್ದು.

ಉಳಿದ ಚೂರುಗಳನ್ನು ಎಸೆಯಬೇಡಿ, ಕಾಗದದ ಮಣಿ ಸುತ್ತಬಹುದು. ಬುಡ 2 ಸೆಂಟಿಮೀಟರ್, ಉದ್ದ 25ರಿಂದ 30 ಸೆಂಟಿಮೀಟರ್ ಇರುವ ಚೂಪು ಪಟ್ಟಿ. ಮೊದಲು ಒಂದು ಮೂಲೆ ಹರಿದು ನೋಡಿ. ನೇರವಾಗಿ ಹರಿಯುವ ದಿಕ್ಕು ಕಾಗದದ ಎಳೆ. ಪಟ್ಟಿಯನ್ನು ಎಳೆಗೆ ಅಡ್ಡಲಾಗಿ ಕತ್ತರಿಸಿದರೆ ಸಲೀಸಾಗಿ ಸುತ್ತುತ್ತದೆ. ಉದ್ದಕ್ಕೆ ಕತ್ತರಿಸಿದರೆ ಬಿಚ್ಚಿಕೊಳ್ಳುತ್ತಲೇ ಇರುತ್ತದೆ. ಬುಡದಿಂದ ಸುತ್ತಿದಾಗ ಹೊರಗೆ ಕಾಣುವುದು ಚೂಪು ತುದಿ ಮತ್ತು ಎರಡು ಅಂಚು ಮಾತ್ರ. ಒಳ್ಳೇ ಬಣ್ಣ ಅಲ್ಲಿಗೆ ಬರಲಿ, ಬುಡಕ್ಕೆ ನ್ಯೂಸ್‌ಪೇಪರ್ ಆದರೂ ನಡೆಯುತ್ತದೆ.

ಮಾರುವ ಯೋಚನೆ ಇದ್ದರೆ ಕಾಮಿಕ್ಸ್ ಪಾತ್ರಗಳ ಹಕ್ಕು ಬೇರೆಯವರದ್ದು ಅನ್ನೋದು ನೆನಪಿರಲಿ. ಮಾರಾಟಕ್ಕೆ ನಾನು ಹಳೇ ರೈಲ್ವೆ ಟೈಮ್‌ಟೇಬಲ್, ಬೀಗರ ಮನೆಯ ಲಗ್ನಪತ್ರಿಕೆ ಇಂಥದ್ದೇ ಬಳಸುತ್ತೇನೆ. ಕಿವಿಯ ಕೊಕ್ಕೆಗೆ ಮಾತ್ರ ಜಿಪುಣತನ ಬೇಡ. ಚಿಕ್ಕಪೇಟೆಯಲ್ಲಿ ಕೆಜಿ ಲೆಕ್ಕದಲ್ಲಿ ಸಿಗುವ ಕೊಕ್ಕೆಯಲ್ಲಿ ನಿಕಲ್ ಇದ್ದರೆ ಕೆಲವರ ಕಿವಿ ತುರಿಸಿ ಕೆಂಪಾಗುತ್ತದೆ. ನಿಕಲ್ ಇಲ್ಲದ ಟೈಟಾನಿಯಂ ಕೊಕ್ಕೆ ಕೇಳಿ ತೊಗೊಳ್ಳಿ. ಮುಂದಿನ ಪೆಂಡೆಂಟ್ ಆದಾಗ ಹಿಂಭಾಗದ ಫೋಟೊನೂ ಹಾಕಿ, ಸೀಲ್ ಎಲ್ಲಿ ಬಿಟ್ಟಿದೆ ಅಂತ ಅಲ್ಲಿ ಬೇಗ ಗೊತ್ತಾಗುತ್ತದೆ.