ಕಾನ್‌ಸ್ಟಲೇಷನ್ ಎಂಬ ಹಳೆಯ ಪ್ರೊಪೆಲ್ಲರ್ ವಿಮಾನದಲ್ಲಿ ಫ್ಲೈಟ್ ಎಂಜಿನಿಯರ್ (ಹಾರಾಟದಲ್ಲಿ ಎಂಜಿನ್ ನೋಡಿಕೊಳ್ಳುವವರು) ಪಕ್ಕಕ್ಕೆ ತಿರುಗಿ ಕೂರುತ್ತಿದ್ದದ್ದೇಕೆ?
ನಾಲ್ಕು ಎಂಜಿನ್, ಒಂದೊಂದಕ್ಕೂ 18 ಸಿಲಿಂಡರ್. ಅಷ್ಟರ ಮೀಟರ್‌ಗಳನ್ನು ಪೈಲಟ್‌ಗಳ ಮುಂದೆ ತುಂಬಲು ಜಾಗವೇ ಇರಲಿಲ್ಲ. ಅದಕ್ಕೆ ಕೋ-ಪೈಲಟ್ ಹಿಂದೆ, ಬಲಗೋಡೆಗೆ ಎಂಜಿನಿಯರ್ ಪ್ಯಾನೆಲ್ ಬಂತು. ಎಂಜಿನ್ ಶಕ್ತಿ ಹೆಚ್ಚು-ಕಡಿಮೆ ಮಾಡುವ ಥ್ರಾಟಲ್ ಅಲ್ಲೂ ಒಂದು ಸೆಟ್ ಇತ್ತು. ಅತಿ ಸೂಕ್ಷ್ಮ ಕೆಲಸವೆಂದರೆ ಕೌಲ್ ಫ್ಲ್ಯಾಪ್, ಅಂದರೆ ಎಂಜಿನ್ ತಣಿಸುವ ಗಾಳಿಯನ್ನು ಹತೋಟಿಯಲ್ಲಿಡುವ ಮುಚ್ಚಳ: ಮುಚ್ಚಿದರೆ ಸಿಲಿಂಡರ್ ಬಿಸಿಯೇರುತ್ತದೆ, ಹೆಚ್ಚು ತೆರೆದರೆ ಗಾಳಿಯ ಎಳೆತ ಏರಿ ವೇಗ ಕುಸಿಯುತ್ತದೆ. ಕ್ಯಾಬಿನ್ ಒತ್ತಡವೂ ಅವರ ಹೊಣೆಯೇ. ಗಾಳಿ ತುಂಬುವ ಸೂಪರ್‌ಚಾರ್ಜರ್‌ಗಳು ಎರಡು ಹೊರಗಿನ ಎಂಜಿನ್‌ಗಳಿಂದ ನಡೆಯುತ್ತಿದ್ದವು. ಅವುಗಳಲ್ಲೊಂದು ನಿಂತರೆ ಅರ್ಧ ಗಾಳಿಯೇ ಇಲ್ಲ.

ಒತ್ತಡದ ಅಪಾಯ ನಿಜವಾದದ್ದು. 1947ರಲ್ಲಿ ಅಟ್ಲಾಂಟಿಕ್ ಮೇಲೆ ಇಂಥದ್ದೇ ಒಂದು ವಿಮಾನದ, ನಕ್ಷತ್ರ ನೋಡುವ ಗಾಜಿನ ಗುಮ್ಮಟ ಕಿತ್ತುಹೋಗಿ, ಅದರಡಿ ನಿಂತಿದ್ದ ನ್ಯಾವಿಗೇಟರ್ (ದಾರಿ ಗುರುತಿಸುವವರು) ಹೊರಕ್ಕೆ ಸೆಳೆದುಹೋದರು.