ಬ್ಯಾಕ್ ಆಫೀಸಿನ ಬಾಗಿಲು ತಟ್ಟಿ

ಓದುಗರೊಬ್ಬರ ಪತ್ರ: "ಫೈನಾನ್ಸ್ ಓದಿ ಎಂಟು ತಿಂಗಳಾಯಿತು. ನೂರಾ ನಲವತ್ತು ಕಡೆ ಅರ್ಜಿ ಹಾಕಿದೆ. ಉತ್ತರ ಬಂದಿದ್ದು ಮೂರು ಕಡೆಯಿಂದ. ಎರಡು ಕಡೆ 'ಇಲ್ಲ' ಅಂದರು. ಮೂರನೆಯದು ಲಕ್ಸೆಂಬರ್ಗ್‌ನದು, ಫಂಡ್ ಅಕೌಂಟಿಂಗ್ ಕೆಲಸದ ಸಂದರ್ಶನಕ್ಕೆ ಕರೆದಿದ್ದಾರೆ. ಆದರೆ ಅದು ಬರೀ ಬ್ಯಾಕ್ ಆಫೀಸ್, ತೆರೆಯ ಹಿಂದೆ ಕೂತು ಲೆಕ್ಕ ನೋಡುವ ಕೆಲಸ. ಅಲ್ಲಿಗೆ ಹೋದರೆ ಅಲ್ಲೇ ಕೊಳೆಯಬೇಕಾಗುತ್ತದೆ, ಸಾಲ ಮಾಡಿಯಾದರೂ ಲಂಡನ್‌ನಲ್ಲಿ ಒಂದು ವರ್ಷದ ಮಾಸ್ಟರ್ಸ್ ಮಾಡು, ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಸೇರಬಹುದು ಅಂತ ಗೆಳೆಯರು ಹೇಳುತ್ತಾರೆ. ಏನು ಮಾಡಲಿ?"

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರು ಸಲವೂ ಕಣ್ಣು ನಿಂತಿದ್ದು ಒಂದೇ ಕಡೆ, 'ಬರೀ ಬ್ಯಾಕ್ ಆಫೀಸ್' ಅನ್ನುವ ಮಾತಿನ ಮೇಲೆ. ಆ 'ಬರೀ' ಯಾರು ಹೇಳಿಕೊಟ್ಟರು ನಿಮಗೆ?

ಲಂಡನ್ ಬೇಡ ಅನ್ನುತ್ತಿಲ್ಲ. ಅಲ್ಲಿ ಕೆಲಸಗಳು ಜಾಸ್ತಿ, ಸಂಬಳವೂ ಜಾಸ್ತಿ. ಒಳ್ಳೆಯ ಮೇಷ್ಟ್ರುಗಳೂ ಇದ್ದಾರೆ. ಆದರೆ ಕ್ಯಾಲೆಂಡರ್ ಒಮ್ಮೆ ನೋಡಿ. ಒಂದು ವರ್ಷದ ಕೋರ್ಸ್ ಶುರುವಾಗುವುದು ಸೆಪ್ಟೆಂಬರ್ ಹೊತ್ತಿಗೆ. ದೊಡ್ಡ ಬ್ಯಾಂಕುಗಳು ಮುಂದಿನ ವರ್ಷದ ಅರ್ಜಿ ತೆಗೆದುಕೊಳ್ಳುವುದೂ ಆಗಲೇ, ಎಷ್ಟೋ ಕಡೆ ಅದಕ್ಕೂ ಮೊದಲೇ. ಬಂದ ಅರ್ಜಿಯನ್ನು ಬಂದ ಹಾಗೇ ನೋಡಿ ಜಾಗ ತುಂಬಿಸುತ್ತಾ ಹೋಗುತ್ತಾರೆ. ನೀವು ಬಾಡಿಗೆ ಕೋಣೆ ಹುಡುಕಿ, ಮೊದಲ ಅಸೈನ್‌ಮೆಂಟ್ ಮುಗಿಸುವಷ್ಟರಲ್ಲಿ ಅರ್ಧ ಬಾಗಿಲು ಮುಚ್ಚಿರುತ್ತದೆ. ಜೊತೆಗೆ ಆ ಜಾಗಗಳಲ್ಲಿ ಬಹುಪಾಲು ಹಿಂದಿನ ಬೇಸಿಗೆಯಲ್ಲಿ ಅಲ್ಲೇ ಇಂಟರ್ನ್ ಆಗಿದ್ದವರಿಗೆ ಹೋಗುತ್ತವೆ. ಓದು ಮುಗಿದ ಮೇಲೆ ಅಲ್ಲಿ ಉಳಿಯಲು ಸಿಗುವ ಗ್ರಾಜುಯೇಟ್ ವೀಸಾ ಎರಡು ವರ್ಷದ್ದು. 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ ಅದೂ ಹದಿನೆಂಟು ತಿಂಗಳಿಗೆ ಇಳಿಯುತ್ತದೆ. ಅಮೆರಿಕದ ಮಾತು ಇನ್ನೂ ಕಷ್ಟದ್ದು. ಅಲ್ಲಿ ವರ್ಷಕ್ಕೆ 85,000 ಎಚ್-1ಬಿ ವೀಸಾ ಅಂತ ಮಿತಿ ಇದೆ. ಅರ್ಜಿಗಳು ಅದಕ್ಕಿಂತ ಎಷ್ಟೋ ಜಾಸ್ತಿ ಬರುವುದರಿಂದ ಲಾಟರಿ ಎತ್ತಬೇಕಾಗುತ್ತದೆ. ಸಾಲದ ಕಂತಿಗೆ ಇದೆಲ್ಲ ಅರ್ಥವಾಗುವುದಿಲ್ಲ, ಅಲ್ವಾ?

ನಿಮ್ಮ ಕೈಯಲ್ಲಿ ಈಗಾಗಲೇ ಇರುವ ಕಾಗದದ ಬೆಲೆ ನಿಮಗೇ ಗೊತ್ತಾದಂತಿಲ್ಲ. ಫಂಡ್ ಅಂದರೆ ಹಲವರ ಹಣ ಒಟ್ಟು ಸೇರಿಸಿ ಷೇರು, ಬಾಂಡ್‌ಗಳಲ್ಲಿ ಹೂಡುವ ನಿಧಿ. ಯುರೋಪಿನಲ್ಲೇ ಅತಿ ದೊಡ್ಡ ಫಂಡ್ ಕೇಂದ್ರ ಲಕ್ಸೆಂಬರ್ಗ್. ಲೋಕದಲ್ಲಿ ಅಮೆರಿಕ ಬಿಟ್ಟರೆ ಅದೇ. ಒಂದು ದೇಶದಲ್ಲಿ ನೋಂದಾಯಿಸಿದ ಫಂಡನ್ನು ಯುರೋಪಿನಲ್ಲೆಲ್ಲ ಮಾರಬಹುದು ಅನ್ನುವ ನಿಯಮ 1985ರಲ್ಲಿ ಬಂತು. ಅದನ್ನು ಎಲ್ಲರಿಗಿಂತ ಮೊದಲು, 1988ರಲ್ಲಿ, ತನ್ನ ಕಾನೂನಿಗೆ ಸೇರಿಸಿಕೊಂಡಿದ್ದು ಈ ಪುಟ್ಟ ದೇಶ. ಇವತ್ತು ಅಲ್ಲಿನ ಫಂಡ್‌ಗಳಲ್ಲಿರುವ ಹಣ 5 ಲಕ್ಷ ಕೋಟಿ ಯೂರೋ ದಾಟಿದೆ. ಆ ಹಣದ ಲೆಕ್ಕವನ್ನು ಯಾರೋ ಇಡಬೇಕಲ್ಲ. ನಿಮ್ಮನ್ನು ಕರೆದಿರುವುದು ಅದಕ್ಕೆ.

ನಾನೂ ಪತ್ರಿಕೆಗೆ ಬರುವ ಮುಂಚೆ ಎರಡು ವರ್ಷ ಈ ಕೆಲಸ ಮಾಡಿದವನು. ದಿನದ ಕೊನೆಗೆ ಫಂಡ್‌ನಲ್ಲಿರುವ ಪ್ರತಿ ಷೇರಿನ ಮುಕ್ತಾಯದ ಬೆಲೆ ಹಿಡಿಯಬೇಕು. ಅದನ್ನು ಎಣಿಕೆಯಿಂದ ಗುಣಿಸಿ, ಬರಬೇಕಾದ ಬಡ್ಡಿ, ಡಿವಿಡೆಂಡ್ ಸೇರಿಸಿ, ಖರ್ಚು ಕಳೆದು, ಒಟ್ಟು ಯೂನಿಟ್‌ಗಳಿಂದ ಭಾಗಿಸಬೇಕು. ಬರುವ ಸಂಖ್ಯೆಯೇ ಒಂದು ಯೂನಿಟ್‌ನ ಆ ದಿನದ ನಿವ್ವಳ ಆಸ್ತಿ ಮೌಲ್ಯ, ಅಂದರೆ ಎನ್‌ಎವಿ. ಒಂದು ಸಂಜೆ ನನ್ನ ಫಂಡ್ ಒಂದೇ ದಿನಕ್ಕೆ ನೂರಕ್ಕೆ ನಾಲ್ಕು ಕುಸಿದಿತ್ತು. ಮಾರುಕಟ್ಟೆ ನೋಡಿದರೆ ಅಲುಗಾಡಿಯೇ ಇಲ್ಲ. ಬೆವರಿ ಹೋದೆ. ನಮ್ಮ ಹಿರಿಯ ಸಹೋದ್ಯೋಗಿ ನನ್ನ ಪರದೆಯನ್ನೂ ನೋಡಲಿಲ್ಲ. "ಇವತ್ತು ಯಾವ ಕಂಪನಿ ಷೇರು ಸ್ಪ್ಲಿಟ್ ಆಯಿತು?" ಅಂತ ಕೇಳಿದರು, ಅಷ್ಟೇ. ಫಂಡ್‌ನ ಹಣದಲ್ಲಿ ನೂರಕ್ಕೆ ಎಂಟು ಪಾಲು ಒಂದೇ ಕಂಪನಿಯಲ್ಲಿತ್ತು. ಅವತ್ತು ಅದರ ಒಂದು ಷೇರು ಎರಡಾಗಿತ್ತು, ಬೆಲೆ ಅರ್ಧವಾಗಿತ್ತು. ನಾನು ಹೊಸ ಬೆಲೆ ಹಾಕಿ ಹಳೆಯ ಎಣಿಕೆ ಬಿಟ್ಟಿದ್ದೆ. ಎಂಟರಲ್ಲಿ ನಾಲ್ಕು ಮಾಯ! ತರಗತಿಯಲ್ಲಿ ಸ್ಟಾಕ್ ಸ್ಪ್ಲಿಟ್ ಬಗ್ಗೆ ಒಂದು ಪುಟ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೆ ನಾನು. ಅದು ಏನು ಅಂತ ಗೊತ್ತಾಗಿದ್ದು ಆ ಸಂಜೆ.

ಬ್ಯಾಕ್ ಆಫೀಸ್ ಎಷ್ಟು ದೊಡ್ಡದು ಅಂತ ತಿಳಿಯಬೇಕಾದರೆ ಬೇರಿಂಗ್ಸ್ ಬ್ಯಾಂಕಿನ ಕಥೆ ಓದಿ. 1762ರಲ್ಲಿ ಶುರುವಾದ ಬ್ಯಾಂಕು ಅದು. ಅದರ ಸಿಂಗಾಪುರ ಕಚೇರಿಯಲ್ಲಿ ನಿಕ್ ಲೀಸನ್ ಅನ್ನುವ ಒಬ್ಬನಿಗೇ ಎರಡೂ ಕೆಲಸ ಕೊಟ್ಟಿದ್ದರು. ವ್ಯಾಪಾರ ಮಾಡುವವನೂ ಅವನೇ, ಅದರ ಲೆಕ್ಕ ತಾಳೆ ನೋಡುವವನೂ ಅವನೇ. ನಷ್ಟವನ್ನೆಲ್ಲ 88888 ಅನ್ನುವ ಖಾತೆಯೊಳಗೆ ತುಂಬಿದ. 1995ರಲ್ಲಿ ಗುಟ್ಟು ಬಯಲಾದಾಗ 82.7 ಕೋಟಿ ಪೌಂಡ್ ಹೋಗಿತ್ತು. ಬ್ಯಾಂಕು ಒಂದೇ ಒಂದು ಪೌಂಡಿಗೆ ಮಾರಾಟವಾಯಿತು. ಆ ಕಚೇರಿಯ ಲೆಕ್ಕವನ್ನು ಬೇರೆ ಒಬ್ಬ ಹುಡುಗನೋ ಹುಡುಗಿಯೋ ಕೂತು ನಿಯತ್ತಾಗಿ ತಾಳೆ ನೋಡಿದ್ದರೆ, 233 ವರ್ಷದ ಬ್ಯಾಂಕು ಉಳಿಯುತ್ತಿತ್ತು. ಆ ಕುರ್ಚಿಗೆ ನಿಮ್ಮ ಗೆಳೆಯರು 'ಬರೀ' ಅನ್ನುತ್ತಿದ್ದಾರೆ.

ಇದು ಹಳೆಯ ಕಾಲದ ಮಾತೂ ಅಲ್ಲ. ಷೇರು ಕೊಂಡ ಮರುದಿನವೇ ವ್ಯವಹಾರ ಚುಕ್ತಾ ಆಗಬೇಕು ಅನ್ನುವ ನಿಯಮ ಅಮೆರಿಕದಲ್ಲಿ 2024ರ ಮೇ 28ಕ್ಕೆ ಬಂತು. ಯುರೋಪಿನಲ್ಲಿ 2027ರ ಅಕ್ಟೋಬರ್ 11ಕ್ಕೆ ಬರಲಿದೆ. ಎರಡು ದಿನದಲ್ಲಿ ಮಾಡುತ್ತಿದ್ದುದನ್ನು ಒಂದೇ ದಿನದಲ್ಲಿ ಮುಗಿಸಬೇಕು. ಈ ಕೆಲಸ ಒಳಗಿನಿಂದ ಬಲ್ಲವರಿಗೆ ಬೇಡಿಕೆ ಇದ್ದೇ ಇರುತ್ತದೆ.

ನನಗೆ ಸಿಟ್ಟು ಬರುವುದು ನಿಮ್ಮ ಮೇಲಲ್ಲ. ಫೈನಾನ್ಸ್ ಕೋರ್ಸ್‌ಗಳ ಬ್ರೋಷರ್ ತೆಗೆದು ನೋಡಿ. ಗಾಜಿನ ಕಟ್ಟಡ, ಕಪ್ಪು ಸೂಟು, ಕೈಕುಲುಕುವ ಫೋಟೋ. ಲೆಡ್ಜರ್ ಮುಂದೆ ಕೂತವರ ಫೋಟೋ ಒಂದೂ ಇಲ್ಲ. ಆಪ್ಷನ್ ಬೆಲೆಯ ಸೂತ್ರ ಬಾಯಿಪಾಠ ಮಾಡಿಸುತ್ತಾರೆ. ಬ್ಯಾಂಕಿನ ಸ್ಟೇಟ್‌ಮೆಂಟನ್ನೂ ನಮ್ಮ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು ವ್ಯತ್ಯಾಸ ಹುಡುಕುವುದನ್ನು ಒಂದು ವಾರವೂ ಕಲಿಸುವುದಿಲ್ಲ. ಹೊರಗೆ ಬಂದರೆ 'ಹೊಸಬರಿಗೆ ಕೆಲಸ' ಅಂತ ಜಾಹೀರಾತು, ಕೆಳಗೆ 'ಎರಡು ವರ್ಷ ಅನುಭವ ಬೇಕು' ಅಂತ ಷರತ್ತು. ಸಂದರ್ಶನ ಅಂದರೆ ಕ್ಯಾಮೆರಾ ಮುಂದೆ ಒಬ್ಬರೇ ಕೂತು ಮಾತಾಡುವುದು. ಆ ಕಡೆ ಕೇಳಲು ಮನುಷ್ಯರೇ ಇಲ್ಲ. ನೂರಾ ನಲವತ್ತು ಅರ್ಜಿ ಹಾಕಿದ ನಿಮಗೆ ನೂರಾ ಮೂವತ್ತೇಳು ಸಂಸ್ಥೆಗಳು ಒಂದು ಸಾಲಿನ ಉತ್ತರ ಕೊಡಲಿಲ್ಲ. ಇದು ನಿಮ್ಮ ಸೋಲು ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಇದು ಬರೀ ಅಸಡ್ಡೆ, ಇಲ್ಲಿ 'ಬರೀ' ಸರಿಯಾದ ಪದ.

ಹಾಗಂತ ಕಣ್ಣು ಮುಚ್ಚಿಕೊಂಡು ಹೊರಡಬೇಡಿ. ಕೆಲಸದ ಪರವಾನಗಿ ಯಾರ ಖರ್ಚು, ಅದು ಅದೇ ಕಂಪನಿಗೆ ಎಷ್ಟು ಕಾಲ ಕಟ್ಟಿಹಾಕುತ್ತದೆ ಅಂತ ಬರಹದಲ್ಲಿ ಕೇಳಿ. ಕೆಲಸ ಕೊಡಿಸುತ್ತೇನೆ ಅಂತ ನಡುವೆ ಯಾರಾದರೂ ದುಡ್ಡು ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಈ ತಂಡದಿಂದ ಕಳೆದ ಮೂರು ವರ್ಷದಲ್ಲಿ ಯಾರು ಯಾವ ವಿಭಾಗಕ್ಕೆ ಹೋದರು ಅಂತ ಸಂದರ್ಶನದಲ್ಲೇ ಕೇಳಿ. ಕೊಳೆಯುವವರು ಇದ್ದಾರೆ, ಸುಳ್ಳಲ್ಲ. ಆದರೆ ರಿಸ್ಕ್, ಕಂಪ್ಲಯನ್ಸ್, ಫಂಡ್ ನಿರ್ವಹಣೆ, ಎಲ್ಲದಕ್ಕೂ ಈ ಲೆಕ್ಕದ ಕೋಣೆಯಿಂದ ದಾರಿ ಇದೆ. ಆ ಉತ್ತರ ಹೇಳುವಾಗ ಅವರು ತಡವರಿಸಿದರೆ ಆಗ ಯೋಚನೆ ಮಾಡಿ.

ಈ ವಾರ ಒಂದು ಕೆಲಸ ಮಾಡಿ. ಆ ಸಂಸ್ಥೆ ಲೆಕ್ಕ ಇಡುವ ಯಾವುದಾದರೂ ಒಂದು ಫಂಡ್‌ನ ವಾರ್ಷಿಕ ವರದಿ ಹುಡುಕಿ. ಮೊದಲ ಪುಟದ ಅಧ್ಯಕ್ಷರ ಮಾತು ಬಿಡಿ, ನೇರ ನಿವ್ವಳ ಆಸ್ತಿಯ ಪಟ್ಟಿಗೆ ಬನ್ನಿ. ಪೆನ್ಸಿಲ್ ಹಿಡಿದು ಒಂದೊಂದು ಸಾಲೂ ಓದಿ. ಅರ್ಥವಾಗದ ಸಾಲುಗಳಿಗೆ ಗುರುತು ಹಾಕಿ ನನಗೆ ಕಳಿಸಿ, ಕೂತು ನೋಡೋಣ. ಸಂದರ್ಶನ ಯಾವತ್ತು ಅಂತ ನೀವು ಬರೆದೇ ಇಲ್ಲ. ಅದನ್ನೂ ತಿಳಿಸಿ.

- ಸಂಪಾದಕ