ಬೆಳಗ್ಗೆ ಐದಕ್ಕೆ ಏಳಲಾಗದಿದ್ದರೆ ನೀವು ಸೋಮಾರಿಯಲ್ಲ

ಶಿವಮೊಗ್ಗ ಜಿಲ್ಲೆಯ ಓದುಗರೊಬ್ಬರ ಪತ್ರ ಬಂದಿದೆ. ಹೆಸರು ಹಾಕಬೇಡಿ ಎಂದು ಕೇಳಿದ್ದಾರೆ. ಸಾರ ಹೀಗಿದೆ: "ನನಗೆ 43 ವರ್ಷ. ಮಾವನವರಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿದೆ, ಮಾತೂ ಹೋಗಿದೆ. ರಾತ್ರಿ ಎರಡಕ್ಕೆ, ನಾಲ್ಕಕ್ಕೆ ಎದ್ದು ಅವರ ಮಗ್ಗುಲು ಬದಲಿಸುತ್ತೇನೆ. ಮಗ ಪಿಯುಸಿ, ಮಗಳು ಒಂಬತ್ತನೇ ತರಗತಿ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಪ್ರತಿ ಯುಗಾದಿಗೆ ಯೋಗ, ವಾಕಿಂಗ್, ಸಂಗೀತ ಅಂತ ಶುರು ಮಾಡುತ್ತೇನೆ, ಸ್ವಲ್ಪ ದಿನಕ್ಕೇ ನಿಂತುಹೋಗುತ್ತದೆ. ಮೊಬೈಲ್ ತೆರೆದರೆ ಎಲ್ಲರೂ ಬೆಳಗ್ಗೆ ಐದಕ್ಕೆ ಎದ್ದು ಬದುಕು ಬದಲಿಸಿಕೊಂಡಿದ್ದಾರೆ. ನನಗೆ ಮೆಟ್ಟಿಲು ಹತ್ತಿದರೇ ಏದುಸಿರು. ನಾನೇ ಸೋಮಾರಿ ಇರಬೇಕು, ಅಲ್ವಾ?"

ಪ್ರಿಯ ಸಹೋದರಿ,

ಅಲ್ಲ. ರಾತ್ರಿ ಎರಡು ಸಲ ಎದ್ದು ರೋಗಿಯ ಆರೈಕೆ ಮಾಡುವವರನ್ನು ಸೋಮಾರಿ ಎನ್ನಲು ಯಾರಿಗೂ ಹಕ್ಕಿಲ್ಲ, ನಿಮಗೂ ಇಲ್ಲ. ರಾತ್ರಿ ಏಳುವ ಆ ಮಾತನ್ನು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನನಗೆ ಅದನ್ನು ದಾಟಲು ಆಗಲಿಲ್ಲ. ನಿದ್ದೆಯೇ ತುಂಡಾಗಿರುವವರು ಐದಕ್ಕೆ ಎದ್ದು ಸೂರ್ಯನಮಸ್ಕಾರ ಹಾಕುವುದು ಹೇಗೆ? ಆ ವಿಡಿಯೊಗಳಲ್ಲಿ ಇರುವವರ ರಾತ್ರಿ ಹೇಗಿತ್ತು ಅನ್ನೋದನ್ನು ಯಾರೂ ತೋರಿಸುವುದಿಲ್ಲ.

ಮೊದಲು ಆ ಏದುಸಿರಿನ ವಿಷಯ. ಇದಕ್ಕೆ ಛಲ ಬೇಡ, ರಕ್ತ ಪರೀಕ್ಷೆ ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಅಂದರೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರಿಗೆ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಾದರೆ ಸುಸ್ತು, ಏದುಸಿರು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು, ಇವೆಲ್ಲ ಬರಬಹುದು. ಅದನ್ನು ನಮ್ಮ ಹೆಂಗಸರು ಸ್ವಭಾವದ ದೋಷ ಎಂದುಕೊಂಡು ವರ್ಷಗಟ್ಟಲೆ ತಮ್ಮನ್ನೇ ಬೈದುಕೊಳ್ಳುತ್ತಾರೆ. ಇದು ನನಗೆ ತುಂಬಾ ನೋವು ಕೊಡುವ ಸಂಗತಿ. ಈ ವಾರವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಹಿಮೋಗ್ಲೋಬಿನ್ ಮತ್ತು ಬಿಪಿ ನೋಡಿಸಿ. ಥೈರಾಯ್ಡ್, ಸಕ್ಕರೆ ಪರೀಕ್ಷೆಯ ಬಗ್ಗೆಯೂ ಕೇಳಿ. ಏದುಸಿರು ಬೇರೆ ಕಾರಣದಿಂದಲೂ ಬರಬಹುದು, ಹಾಗಾಗಿ ಅದನ್ನು ಡಾಕ್ಟರಿಗೆ ಬಿಡಿಸಿ ಹೇಳಿ. ಕಬ್ಬಿಣದ ಮಾತ್ರೆ ಕೊಟ್ಟರೆ ಅದರ ಜೊತೆ ಕಾಫಿ, ಟೀ ಕುಡಿಯಬೇಡಿ. ಕಬ್ಬಿಣ ಮೈಗೆ ಹತ್ತುವುದನ್ನು ಅವು ತಡೆಯುತ್ತವೆ. ಊಟದ ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ. ಮತ್ತೆ, ಎಲ್ಲರದೂ ಮುಗಿದ ಮೇಲೆ ಪಾತ್ರೆಯಲ್ಲಿ ಉಳಿದದ್ದನ್ನು ಉಣ್ಣುವ ಅಭ್ಯಾಸ ನಿಮಗೂ ಇದ್ದರೆ, ದಯವಿಟ್ಟು ಇವತ್ತೇ ಬಿಡಿ. ಎಲ್ಲರ ಜೊತೆ ಕೂತು ಊಟ ಮಾಡಿ.

ಈಗ ರಾತ್ರಿಯ ಕೆಲಸ. ಮಗ್ಗುಲು ಬದಲಿಸುವುದನ್ನು ನಿಲ್ಲಿಸುವಂತಿಲ್ಲ, ಹಾಸಿಗೆ ಹುಣ್ಣಾದರೆ ಕಷ್ಟ. ಆದರೆ ಅದನ್ನು ನೀವೇ ಮಾಡಬೇಕೆಂದು ಎಲ್ಲಿದೆ? "ಯಜಮಾನರು ಒಳ್ಳೆಯವರು, ಕೇಳಿದರೆ ಇಲ್ಲ ಅನ್ನಲ್ಲ, ಕೇಳೋಕೆ ನನಗೇ ಮನಸ್ಸು ಬರಲ್ಲ" ಎಂದು ಬರೆದಿದ್ದೀರಿ. ಕೇಳಿ. ಅವರು ನೋಡಿಕೊಳ್ಳಬೇಕಾದದ್ದು ಅವರ ಅಪ್ಪನನ್ನೇ. ಒಂದು ರಾತ್ರಿ ನೀವು, ಒಂದು ರಾತ್ರಿ ಅವರು ಎಂದು ಪಾಳಿ ಮಾಡಿಕೊಳ್ಳಿ. ರಜೆಯ ದಿನ ಮಗನೂ ಕೈ ಹಾಕಲಿ. ಮಾವನವರ ಬೆನ್ನಿನ ಕೆಳಗೆ ಅಡ್ಡಲಾಗಿ ಒಂದು ಮಡಿಸಿದ ಬೆಡ್‌ಶೀಟ್ ಹಾಸಿಟ್ಟರೆ ಅದನ್ನು ಹಿಡಿದು ಸರಿಸಬಹುದು. ಇಬ್ಬರಿದ್ದರೆ ಇನ್ನೂ ಸುಲಭ, ನಿಮ್ಮ ಸೊಂಟವೂ ಉಳಿಯುತ್ತದೆ. ಫಿಸಿಯೋಥೆರಪಿಸ್ಟ್ ಬಂದಾಗ ಸರಿಯಾದ ಕ್ರಮವನ್ನು ಮನೆಯವರೆಲ್ಲ ಕಲಿತುಕೊಳ್ಳಿ.

ಇದು ನಿಮ್ಮ ಒಬ್ಬರ ಮನೆಯ ಕಥೆಯಲ್ಲ. ಕೇಂದ್ರ ಸರ್ಕಾರ 2019ರಲ್ಲಿ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ ಕೊಡುತ್ತಿದ್ದರೆ, ಆ ಕೆಲಸ ಮಾಡುವ ಗಂಡಸರು ಕೊಡುತ್ತಿದ್ದದ್ದು 97 ನಿಮಿಷ. ಸುಮಾರು ಐದು ಗಂಟೆ ಒಂದು ಕಡೆ, ಒಂದೂವರೆ ಗಂಟೆ ಇನ್ನೊಂದು ಕಡೆ. ನಿಮ್ಮ ವಾಕಿಂಗ್ ನಿಂತದ್ದು ಈ ಲೆಕ್ಕದಲ್ಲಿ. "ನಿನಗಾಗಿ ಸಮಯ ಮಾಡಿಕೋ" ಎಂದು ಹೇಳುವವರು ಆ ಸಮಯ ಯಾರ ಕೈಯಲ್ಲಿದೆ ಎಂದು ನೋಡುವುದೇ ಇಲ್ಲ. ಇರುವ ಕೆಲಸದ ಮೇಲೆ ಯೋಗವನ್ನೂ ಹೇರಿಕೊಂಡರೆ ಅದು ಇನ್ನೊಂದು ಕೆಲಸವಾಗುತ್ತದೆ, ಅಷ್ಟೇ. ಮೊದಲು ಒಂದು ಕೆಲಸ ನಿಮ್ಮ ಕೈಯಿಂದ ಇಳಿಯಬೇಕು. ಆಮೇಲೆ ಹೊಸದು.

ಹೊಸದನ್ನು ಹಿಡಿದಾಗ, 21 ದಿನ ಮಾಡಿದರೆ ಅಭ್ಯಾಸವಾಗಿಬಿಡುತ್ತದೆ ಎಂಬ ಮಾತು ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ ಒಂದು ಅಧ್ಯಯನ ಮಾಡಿದ್ದಾರೆ. ಅಭ್ಯಾಸವೊಂದು ತಾನಾಗಿಯೇ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ, ಇನ್ನು ಕೆಲವರಿಗೆ 254 ದಿನದವರೆಗೂ ಬೇಕಾಗಬಹುದು ಎಂದು ಅಂದಾಜಾಯಿತು. ನಡುವೆ ಒಂದು ದಿನ ತಪ್ಪಿದರೆ ಅಂಥ ನಷ್ಟವೇನೂ ಆಗಲಿಲ್ಲ. ನೀವು ಒಂದು ದಿನ ತಪ್ಪಿತೆಂದು ಇಡೀ ವರ್ಷ ಕೈಬಿಟ್ಟಿದ್ದೀರಿ, ಮುಂದಿನ ಯುಗಾದಿಗೆ ಕಾದಿದ್ದೀರಿ. ಕಾಯಬೇಕಿಲ್ಲ. ಮಂಗಳವಾರ ತಪ್ಪಿದರೆ ಬುಧವಾರ ಮಾಡಿ.

ಇನ್ನೊಂದು ಮಾತು. ಕೆಲವು ರಾತ್ರಿ ಸುಮ್ನೆ ಅಳು ಬರುತ್ತದೆ ಎಂದಿದ್ದೀರಿ. ಅದು ನಿಲ್ಲದೇ ಹೋದರೆ, ಯಾವುದೂ ಬೇಡ ಅನ್ನಿಸಿದರೆ, 14416ಕ್ಕೆ ಫೋನ್ ಮಾಡಿ. ಅದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಹಿಂದಿದೆ.

ಕೊನೆಗೆ ಸಂಗೀತ. ಜೂನಿಯರ್ ಪಾಸಾಗಿ, ಸೀನಿಯರ್ ಪರೀಕ್ಷೆಗೆ ಕೂರುವ ಮೊದಲೇ ಮದುವೆಯಾಯಿತು, ಈಗ ಮತ್ತೆ ಕಲಿತರೆ ಜನ ನಗುತ್ತಾರಾ ಎಂದು ಕೇಳಿದ್ದೀರಿ. ಕಲಿಯಿರಿ. ಮೊದಲ ಪಾಠವಾದ ಸರಳೆ ವರಸೆಯಿಂದಲೇ ಶುರು ಮಾಡಿ, ಗಂಟಲು ಬಿಡಲು ಸ್ವಲ್ಪ ಕಾಲ ಬೇಕು. ಮಿದುಳಿನ ಎಡಭಾಗಕ್ಕೆ ಪೆಟ್ಟಾಗಿ ಮಾತು ಹೋದ ಕೆಲವರು ಪರಿಚಯದ ಹಾಡಿನ ಸಾಲನ್ನು ಹಾಡಬಲ್ಲರು. ಸ್ಪೀಚ್ ಥೆರಪಿಸ್ಟ್‌ಗಳು ಇದನ್ನು ಬಳಸಿಕೊಳ್ಳುವುದೂ ಉಂಟು. ಮಾವನವರಿಗೆ ಇದು ಹೊಂದುತ್ತದಾ ಎಂದು ಅವರ ಡಾಕ್ಟರನ್ನು ಕೇಳಿ. ಹೊಂದುವುದಾದರೆ ಅವರ ಪಕ್ಕ ಕೂತು ಹಾಡುವ ಕೆಲಸ ಮಗಳಿಗೆ, ಮಗನಿಗೆ ಕೊಡಿ. ನಿಮ್ಮ ಅಭ್ಯಾಸ ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ನಡೆಯಲಿ.

ಸಂಪಾದಕ